ಎಪಿಐ ಆವೃತ್ತಿ ಪ್ರಶ್ನಾರ್ಥಕ ಚಿಹ್ನೆಯ ಈಚೆಗಿರಬೇಕೋ, ಆಚೆಗಿರಬೇಕೋ?

ಮಳೆಲೆಕ್ಕ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾವು ನಾಲ್ವರು ಸೇರಿ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿ ನಡೆಸುತ್ತಿದ್ದೇವೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಇಟ್ಟಿರುವ ಮಳೆಮಾಪಕಗಳ ಅಂಕಿಗಳನ್ನು ತರಿಸಿಕೊಂಡು, ಒಂದು ವೆಬ್ ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ದ್ವಾರ) ಮೂಲಕ ಮಾಲೀಕರ ಮೊಬೈಲ್ ಆ್ಯಪ್‌ಗೂ ತೋಟದ ಲೆಕ್ಕಪತ್ರದ ತಂತ್ರಾಂಶಕ್ಕೂ ಒದಗಿಸುವುದು ನಮ್ಮ ಕೆಲಸ. ಮಲೆನಾಡಿನಲ್ಲಿ ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಹೇಳುವುದು ವಾಡಿಕೆಯಾದ್ದರಿಂದ ಮೊದಲ ಆವೃತ್ತಿಯಲ್ಲಿ ‘ಮಳೆ’ ಎಂಬ ಫೀಲ್ಡ್ (ಉತ್ತರದಲ್ಲಿ ಹೆಸರಿಟ್ಟ ಅಂಕಿಯ ಜಾಗ) ಇಂಚಿನಲ್ಲಿತ್ತು. ಆಮೇಲೆ ಕೆಲವರು ಮಿಲಿಮೀಟರ್ ಬೇಕೆಂದರು. ಎರಡನೆಯ ಆವೃತ್ತಿಯಲ್ಲಿ ಅದೇ ಫೀಲ್ಡನ್ನು ಮಿಲಿಮೀಟರ್‌ಗೆ ಬದಲಿಸಿದೆವು. ವಿಳಾಸದ ಕೊನೆಗೆ ‘?ವರ್ಷನ್=2’ ಸೇರಿಸಿದರೆ ಹೊಸದು, ಸೇರಿಸದಿದ್ದರೆ ಹಳೆಯದು ಎಂಬುದು ನಮ್ಮ ಏರ್ಪಾಡು.

ಈ ಸಲದ ಹೂಮಳೆಯ (ಕಾಫಿ ಹೂ ಅರಳಿಸುವ ಮಳೆಯ) ಹೊತ್ತಿಗೆ ಅದು ಕೈಕೊಟ್ಟಿತು. ಒಂದು ತೋಟದಲ್ಲಿ ಮಾರ್ಚ್ 24ರಂದು 1 ಇಂಚು 60 ಸೆಂಟ್ಸ್ ಮಳೆಯಾಗಿತ್ತು, ಅಂದರೆ ಸುಮಾರು 40.6 ಮಿಲಿಮೀಟರ್. ಬೆಂಗಳೂರಿನಲ್ಲಿದ್ದ ಮಾಲೀಕರ ಆ್ಯಪ್‌ನಲ್ಲಿ ಮಾತ್ರ 1.6 ಮಿಲಿಮೀಟರ್ ಎಂದು ಕಂಡಿತು. ಅವರು ಗಾಬರಿಯಿಂದ ಫೋನ್ ಮಾಡಿ ಸ್ಪ್ರಿಂಕ್ಲರ್ ಹಾಕಿಸಿ ಎಂದರಂತೆ. ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಕಿಟಕಿಯಾಚೆ ನೋಡಿ, ‘ಸ್ವಾಮೀ, ಇಲ್ಲಿ ಚರಂಡಿ ಹರಿಯುತ್ತಿದೆ’ ಎಂದರಂತೆ.

ಹುಡುಕಿದಾಗ ಸಿಕ್ಕಿದ್ದು ಇಷ್ಟು: ನಾವು ಒಂದು ಪುಟಕ್ಕೆ 20 ದಿನಗಳ ಅಂಕಿ ಕೊಡುತ್ತೇವೆ. ಮೊದಲ ಪುಟವನ್ನು ಆ್ಯಪ್ ‘ವರ್ಷನ್=2’ ಹಾಕಿಯೇ ಕೇಳಿತ್ತು. ಆದರೆ ನಮ್ಮ ಸರ್ವರ್ ಕೊಟ್ಟ ‘ಮುಂದಿನ ಪುಟ’ದ ಕೊಂಡಿಯಲ್ಲಿ ಬರೀ ‘?ಪುಟ=2’ ಎಂದಿತ್ತು. ಆವೃತ್ತಿ ಬಿದ್ದುಹೋಗಿ, 21ನೇ ತಾರೀಖಿನಿಂದ ಆಚೆಗಿನದೆಲ್ಲ ಇಂಚಿನಲ್ಲಿ ಬಂದಿದೆ.

ನನ್ನ ಪ್ರಶ್ನೆ: ಆವೃತ್ತಿಯನ್ನು ಕ್ವೆರಿ ಪ್ಯಾರಾಮೀಟರ್‌ನಲ್ಲಿ, ಅಂದರೆ ವಿಳಾಸದ ಪ್ರಶ್ನಾರ್ಥಕ ಚಿಹ್ನೆಯ ಆಚೆ, ಇಟ್ಟದ್ದೇ ತಪ್ಪೇ? ಜೊತೆಗಾರರೊಬ್ಬರು ಈಗಲೇ ಎಲ್ಲವನ್ನೂ ‘/ವಿ2/ಮಳೆ’ ಎಂಬ ಪಾತ್‌ಗೆ (ಆ ಚಿಹ್ನೆಯ ಈಚೆಗಿನ ಭಾಗಕ್ಕೆ) ಸಾಗಿಸೋಣ ಎನ್ನುತ್ತಿದ್ದಾರೆ. ಅನುಭವ ಇದ್ದವರು ತಿಳಿಸಿ.

ಕೆಂಪುಹೊಳೆ

ಅದೇ ಹೆಸರಿನ ಫೀಲ್ಡ್‌ನಲ್ಲಿ ಅಳತೆ ಬದಲಿಸಿದ್ದೇ ಮೂಲ ತಪ್ಪು. ಆವೃತ್ತಿ ಎಲ್ಲಿರಬೇಕೆಂಬುದು ಆಮೇಲಿನ ಮಾತು.

ದೇವರಮನೆ_ಗುಡ್ಡ, ಮೂಡಿಗೆರೆ

ನಿಮ್ಮ ಜೊತೆಗಾರರು ಹೇಳಿದ್ದು ಸರಿ. ನಾನು ಹತ್ತು ವರ್ಷಗಳಿಂದ ಪಾತ್ ಪಕ್ಷದವನು, ಇನ್ನು ಪಕ್ಷಾಂತರ ಮಾಡುವುದಿಲ್ಲ.

ಕಾರಣ ನಿಮ್ಮ ಕಥೆಯಲ್ಲೇ ಇದೆ. ‘/ವಿ2/ಮಳೆ’ ಎಂಬ ವಿಳಾಸದಲ್ಲಿ ನಿಂತು ‘?ಪುಟ=2’ ಎಂಬ ಸಾಪೇಕ್ಷ (ಪೂರ್ಣ ವಿಳಾಸವಿಲ್ಲದ) ಕೊಂಡಿಯನ್ನು ಹಿಡಿದು ಹೋದರೆ ಪಾತ್ ಹಾಗೆಯೇ ಉಳಿಯುತ್ತದೆ, ಆವೃತ್ತಿಯೂ ಅದರ ಜೊತೆಗೇ ಉಳಿಯುತ್ತದೆ. ಆವೃತ್ತಿ ಕ್ವೆರಿಯಲ್ಲಿದ್ದರೆ ಅದೇ ಕೊಂಡಿ ಹಳೆಯ ಕ್ವೆರಿಯನ್ನು ಪೂರ್ತಿ ಅಳಿಸಿ ತನ್ನದನ್ನು ಕೂರಿಸುತ್ತದೆ. ಇದು ನಿಮ್ಮ ಆ್ಯಪ್ ಮಾಡಿದ ಅಚಾತುರ್ಯವಲ್ಲ, ವಿಳಾಸಗಳನ್ನು ಬಿಡಿಸುವ ನಿಯಮವೇ ಹಾಗಿದೆ. ಅಲ್ಲದೆ ಪ್ರಶ್ನಾರ್ಥಕ ಚಿಹ್ನೆಯ ಆಚೆಗಿರುವುದೆಲ್ಲ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು ಎಂಬ ಭಾವನೆ ಪ್ರತಿಯೊಬ್ಬ ಪ್ರೋಗ್ರಾಮರ್‌ನ ಮನಸ್ಸಿನಲ್ಲಿ ಬೇರೂರಿದೆ. ಅದು ಶೋಧಕ, ವಿಂಗಡಣೆ, ಪುಟಸಂಖ್ಯೆಗಳ ಜಾಗ. ಸಂಪನ್ಮೂಲದ (ವಿಳಾಸ ತೋರಿಸುವ ವಸ್ತುವಿನ) ಗುರುತಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಂಥ ಜಾಗದಲ್ಲಿ ಒಪ್ಪಂದದ ಆತ್ಮವನ್ನೇ ಇಟ್ಟರೆ ಅದು ಒಂದು ದಿನ ಉದುರಿ ಬೀಳುತ್ತದೆ.

ಯಗಚಿ_ದಂಡೆ, ಬೇಲೂರು

ದೇವರಮನೆಯವರೇ, ಸಾಪೇಕ್ಷ ಕೊಂಡಿಯ ಮಾತು ಒಪ್ಪಿದೆ. ಗುರುತಿನ ಮಾತು ಮಾತ್ರ ತಪ್ಪು. ಅಂತರಜಾಲದ ಮಾನಕ ದಾಖಲೆಯಾದ 2005ರ ಆರ್‌ಎಫ್‌ಸಿ 3986, ಪಾತ್ ಮತ್ತು ಕ್ವೆರಿ ಎರಡೂ ಸೇರಿಯೇ ಸಂಪನ್ಮೂಲವನ್ನು ಗುರುತಿಸುತ್ತವೆ ಎಂದು ಹೇಳುತ್ತದೆ. ಒಂದರೊಳಗೊಂದು ಅಡಗುವ ಶ್ರೇಣಿಯ ಮಾಹಿತಿ ಪಾತ್‌ನಲ್ಲಿ, ಶ್ರೇಣಿಯಿಲ್ಲದ ಮಾಹಿತಿ ಕ್ವೆರಿಯಲ್ಲಿ ಎಂಬುದಷ್ಟೇ ವ್ಯತ್ಯಾಸ. ಸರ್ವರ್‌ವರೆಗೆ ಹೋಗದೆ ಉಳಿಯುವುದು ಹ್ಯಾಶ್ ಚಿಹ್ನೆಯ ಆಚೆಗಿನದು. ಬಹುಶಃ ನಿಮಗೆ ಅದರ ನೆನಪು ಬೆರೆತಿರಬೇಕು.

ಇನ್ನು ಕ್ವೆರಿಯಲ್ಲಿ ಆವೃತ್ತಿ ಇಡುವುದೇನು ಹಳ್ಳಿಗಾಡಿನ ಪದ್ಧತಿಯಲ್ಲ. ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನ ನಿರ್ವಹಣಾ ಎಪಿಐಗಳು ಇಂದಿಗೂ ಪ್ರತಿ ಕರೆಯಲ್ಲಿ ‘ಎಪಿಐ-ವರ್ಷನ್=2021-04-01’ ಎಂಬಂಥ ದಿನಾಂಕವನ್ನು ಕ್ವೆರಿಯಲ್ಲೇ ಕೇಳುತ್ತವೆ. ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆಯಾದ ಇಸಿ2ರ ಕರೆಗಳಲ್ಲಿ ‘ವರ್ಷನ್=2016-11-15’ ಇರುತ್ತದೆ. ಎಪಿಐ ಕಟ್ಟುವ ಸಾಧನವಾದ ಜ್ಯಾಂಗೋ ರೆಸ್ಟ್ ಫ್ರೇಮ್‌ವರ್ಕ್‌ನಲ್ಲಿ ಇದಕ್ಕೆಂದೇ ಸಿದ್ಧ ವರ್ಗವಿದೆ, ಕೊಂಡಿ ಕಟ್ಟುವಾಗ ಆವೃತ್ತಿಯನ್ನೂ ಅದು ಸೇರಿಸಿ ಕೊಡುತ್ತದೆ. ನೀವು ಕೊಂಡಿಗಳನ್ನು ಕೈಯಿಂದ ಹೆಣೆದಿರಿ, ಹೊಲಿಗೆ ಬಿಟ್ಟಿತು. ಅದಕ್ಕೆ ಬಟ್ಟೆಯನ್ನೇ ಬೈದರೆ ಹೇಗೆ?

ದೇವರಮನೆ_ಗುಡ್ಡ, ಮೂಡಿಗೆರೆ

ಗುರುತಿನ ವಿಷಯದಲ್ಲಿ ತಿದ್ದಿದ್ದಕ್ಕೆ ಧನ್ಯವಾದ, ಒಪ್ಪಿಕೊಂಡೆ. ಆದರೆ ಹೊಲಿಗೆ ಬಿಡುವ ಸಾಧ್ಯತೆ ಯಾವ ಬಟ್ಟೆಯಲ್ಲಿ ಹೆಚ್ಚು ಎಂಬುದೇ ನನ್ನ ಪ್ರಶ್ನೆ.

ಹಳೇ_ಸರ್ವರ್, ಹಾಸನ

ಆ ಪ್ರಶ್ನೆಗೆ ಉತ್ತರ ಹೇಳುವ ಅರ್ಹತೆ ನನಗಿದೆ ಎಂದುಕೊಳ್ಳುತ್ತೇನೆ, ಏಕೆಂದರೆ ಕ್ವೆರಿ ದಾರಿಯಲ್ಲಿ ಎಲ್ಲೆಲ್ಲಿ ಉದುರುತ್ತದೆಂದು ಹುಡುಕುವುದರಲ್ಲೇ ನನ್ನ ತಲೆಗೂದಲು ಉದುರಿದೆ.

ಮೊದಲನೆಯದು ರೀಡೈರೆಕ್ಟ್, ಅಂದರೆ ಕರೆಯನ್ನು ಬೇರೆ ವಿಳಾಸಕ್ಕೆ ಕಳುಹಿಸುವುದು. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಕಳುಹಿಸುವ ಸಾಲು ಬರೆಯುವಾಗ ‘ರಿಕ್ವೆಸ್ಟ್ ಯುಆರ್‌ಐ’ ಎಂಬ ಚರವನ್ನು ಬಳಸಿದರೆ ಕ್ವೆರಿ ಉಳಿಯುತ್ತದೆ. ಬರೀ ‘ಯುಆರ್‌ಐ’ ಎಂಬ ಚರವನ್ನು ಬಳಸಿದರೆ ಪಾತ್ ಮಾತ್ರ ಉಳಿದು ಕ್ವೆರಿ ಮಾಯವಾಗುತ್ತದೆ. ಬ್ರೌಸರ್‌ನಲ್ಲಿ ಪರೀಕ್ಷಿಸುವವರು ಹೆಚ್ಚಾಗಿ ಎಚ್‌ಟಿಟಿಪಿಎಸ್ ವಿಳಾಸವನ್ನೇ ಹಾಕುವುದರಿಂದ ಇದು ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು ಕ್ಯಾಶ್, ಅಂದರೆ ಒಮ್ಮೆ ಕೊಟ್ಟ ಉತ್ತರವನ್ನು ಕೂಡಿಟ್ಟು ಮತ್ತೆ ಕೊಡುವುದು. ಎಂಜಿನ್‌ಎಕ್ಸ್‌ನ ಸ್ವಂತ ಕ್ಯಾಶ್ ಡಿಫಾಲ್ಟ್ ಆಗಿ ಕ್ವೆರಿಯನ್ನೂ ಸೇರಿಸಿಯೇ ಉತ್ತರವನ್ನು ಗುರುತಿಸುವ ಕೀಲಿ ಕಟ್ಟುತ್ತದೆ, ಅಲ್ಲಿ ಭಯವಿಲ್ಲ. ಆದರೆ ಅಮೆಜಾನ್‌ನ ಕ್ಯಾಶ್ ಸೇವೆಯಾದ ಕ್ಲೌಡ್‌ಫ್ರಂಟ್‌ನಲ್ಲಿ ‘ಕ್ಯಾಶಿಂಗ್ ಆಪ್ಟಿಮೈಸ್ಡ್’ ಎಂಬ ಸಿದ್ಧ ನೀತಿಯನ್ನು ಆರಿಸಿದರೆ ಕ್ವೆರಿ ಕೀಲಿಯಲ್ಲಿ ಸೇರುವುದಿಲ್ಲ, ಬೇರೆ ನೀತಿ ಜೋಡಿಸದ ಹೊರತು ಮೂಲ ಸರ್ವರ್‌ಗೂ ತಲುಪುವುದಿಲ್ಲ. ಆಗ ನೀವು ಎಷ್ಟು ಶ್ರದ್ಧೆಯಿಂದ ‘ವರ್ಷನ್=2’ ಬರೆದರೂ ಎಲ್ಲರಿಗೂ ಡಿಫಾಲ್ಟ್ ಆವೃತ್ತಿಯೇ ಬರುತ್ತದೆ. ದಾಖಲೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ, ಓದದವರು ನಾವು. ಇನ್ನೂ ಹಿಂದಕ್ಕೆ ಹೋದರೆ, 1999ರ ಆರ್‌ಎಫ್‌ಸಿ 2616ರಲ್ಲಿ ಪ್ರಶ್ನಾರ್ಥಕ ಚಿಹ್ನೆಯಿರುವ ವಿಳಾಸದ ಉತ್ತರವನ್ನು, ಸರ್ವರ್ ಅವಧಿಯನ್ನು ಸ್ಪಷ್ಟವಾಗಿ ತಿಳಿಸದ ಹೊರತು, ಕ್ಯಾಶ್ ತಾಜಾ ಎಂದು ಪರಿಗಣಿಸಬಾರದು ಎಂಬ ನಿಯಮವೇ ಇತ್ತು. 2014ರಲ್ಲಿ ಆರ್‌ಎಫ್‌ಸಿ 7234 ಬಂದಾಗ ಅದನ್ನು ಕೈಬಿಟ್ಟರು. ಕ್ವೆರಿ ಇದ್ದರೆ ಕ್ಯಾಶ್ ಆಗುವುದೇ ಇಲ್ಲ ಎಂಬ ನಂಬಿಕೆ ಮಾತ್ರ ಇನ್ನೂ ಹಲವರಲ್ಲಿ ಉಳಿದಿದೆ.

ಮೂರನೆಯದು ಪುನರಾವರ್ತನೆ. ಯಾರಾದರೂ ‘ವರ್ಷನ್=1’ ಇರುವ ವಿಳಾಸಕ್ಕೆ ಇನ್ನೊಂದು ‘ವರ್ಷನ್=2’ ಅಂಟಿಸಿದರೆ ಯಾವುದು ಲೆಕ್ಕಕ್ಕೆ? ಜ್ಯಾಂಗೋ ಕೊನೆಯದನ್ನು ಎತ್ತಿಕೊಳ್ಳುತ್ತದೆ, ಅದರಂಥದೇ ಇನ್ನೊಂದು ಸಾಧನವಾದ ಫ್ಲಾಸ್ಕ್ ಮೊದಲನೆಯದನ್ನು. ಪಾತ್‌ನಲ್ಲಿ ಈ ತಕರಾರು ಹುಟ್ಟುವುದೇ ಇಲ್ಲ.

ಆಲೂರು_ಟರ್ಮಿನಲ್

ಹಳೇ ಸರ್ವರ್ ಅವರ ಪಟ್ಟಿಗೆ ನನ್ನದೂ ಒಂದು. ಟರ್ಮಿನಲ್‌ನಿಂದ ವಿಳಾಸಗಳನ್ನು ಕರೆಯುವ ಕರ್ಲ್ ಆಜ್ಞೆಯಲ್ಲಿ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಇಡದೆ ‘?ತೋಟ=12&ವರ್ಷನ್=2’ ಎಂದು ಬರೆದರೆ, ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶ) ಆ ‘&’ ಕಂಡ ಕೂಡಲೇ ಆಜ್ಞೆಯನ್ನು ಹಿನ್ನೆಲೆಗೆ ತಳ್ಳಿ, ಉಳಿದದ್ದನ್ನು ಬೇರೆ ಸಾಲೆಂದು ತಿಳಿಯುತ್ತದೆ. ಸರ್ವರ್‌ಗೆ ಹೋಗುವುದು ‘?ತೋಟ=12’ ಮಾತ್ರ. ನಾನು ಹೀಗೆ ಒಂದಿಡೀ ಮಧ್ಯಾಹ್ನ ಎರಡನೆಯ ಆವೃತ್ತಿಯನ್ನು ಪರೀಕ್ಷಿಸುತ್ತಿದ್ದೇನೆಂದು ತಿಳಿದು ಮೊದಲನೆಯದನ್ನೇ ಪರೀಕ್ಷಿಸಿ, ‘ಎಲ್ಲವೂ ಸರಿಯಾಗಿದೆ’ ಎಂದು ಸಹಿ ಹಾಕಿದ್ದೆ.

ಜೀಶೆಲ್ ಎಂಬ ಇನ್ನೊಂದು ಶೆಲ್ ಬಳಸುವವರು ಪುಣ್ಯವಂತರು. ಅಲ್ಲಿ ಪ್ರಶ್ನಾರ್ಥಕ ಚಿಹ್ನೆಗೇ ಬೇರೆ ಅರ್ಥವಿರುವುದರಿಂದ ಹೊಂದುವ ಕಡತವಿಲ್ಲ ಎಂದು ಆರಂಭದಲ್ಲೇ ಜಗಳ ತೆಗೆಯುತ್ತದೆ.

ಕೆಂಪುಹೊಳೆ

ಮೌನವಾಗಿ ತಪ್ಪುವ ಶೆಲ್‌ಗಿಂತ ಜಗಳಗಂಟಿ ಶೆಲ್ ಮೇಲು.

ಹಿರೇಕೊಳಲೆ, ಚಿಕ್ಕಮಗಳೂರು

ಇಲ್ಲಿ ಪಾತ್ ಮತ್ತು ಕ್ವೆರಿ ಎರಡೇ ದಾರಿ ಎಂಬಂತೆ ಚರ್ಚೆ ನಡೆದಿರುವುದು ನನಗೆ ಸರಿ ಕಾಣಲಿಲ್ಲ. ಮಾರ್ಚ್ 24ರ ಮಳೆ ಒಂದೇ. ಅದನ್ನು ಇಂಚಿನಲ್ಲಿ ಹೇಳಿದರೂ ಮಿಲಿಮೀಟರ್‌ನಲ್ಲಿ ಹೇಳಿದರೂ ಸುರಿದ ನೀರು ಬೇರೆಯಾಗುವುದಿಲ್ಲ. ಹಾಗಿರುವಾಗ ಒಂದೇ ಸಂಗತಿಗೆ ಎರಡು ವಿಳಾಸಗಳೇಕೆ? ರೆಸ್ಟ್ ಎಂಬ ವೆಬ್ ವಾಸ್ತುವಿನ್ಯಾಸವನ್ನು 2000ದ ತಮ್ಮ ಪ್ರಬಂಧದಲ್ಲಿ ವಿವರಿಸಿದ ರಾಯ್ ಫೀಲ್ಡಿಂಗ್ ಅವರು ವಿಳಾಸದಲ್ಲಿ ಆವೃತ್ತಿ ಸಂಖ್ಯೆ ಇಡುವುದನ್ನು ಬಹಿರಂಗವಾಗಿಯೇ ವಿರೋಧಿಸಿದವರು. ಯಾವ ರೂಪದಲ್ಲಿ ಬೇಕು ಎಂಬುದನ್ನು ‘ಆಕ್ಸೆಪ್ಟ್’ ಹೆಡರ್‌ನಲ್ಲಿ (ಕರೆಯ ಜೊತೆ ಹೋಗುವ, ವಿಳಾಸದ ಹೊರಗಿನ ಟಿಪ್ಪಣಿಯಲ್ಲಿ) ಹೇಳುವುದು ಶಿಷ್ಟ ಕ್ರಮ. ಕೋಡ್ ಹಂಚುವ ತಾಣವಾದ ಗಿಟ್‌ಹಬ್ ಬಹುಕಾಲ ತನ್ನ ಎಪಿಐಯ ಮೂರನೆಯ ಆವೃತ್ತಿಯನ್ನು ಹಾಗೆಯೇ ನಡೆಸಿತು, ಈಗ 2022-11-28 ಎಂಬಂಥ ದಿನಾಂಕವನ್ನು ತನ್ನದೇ ಹೆಡರ್‌ನಲ್ಲಿ ಪಡೆಯುತ್ತಿದೆ. ಕೊಂಡಿಗಳಲ್ಲಿ ಆವೃತ್ತಿಯೇ ಇಲ್ಲದಿದ್ದರೆ ಅದು ಉದುರುವ ಪ್ರಶ್ನೆಯೂ ಇಲ್ಲ.

ಯಗಚಿ_ದಂಡೆ, ಬೇಲೂರು

ಮೇಡಂ, ತತ್ತ್ವ ಚೆನ್ನಾಗಿದೆ. ಆದರೆ ಹೆಡರ್ ಉದುರುವುದಿಲ್ಲ ಎಂದು ಹೇಗೆ ಹೇಳುತ್ತೀರಿ? ಎರಡನೆಯ ಪುಟ ಕೇಳುವಾಗ ಆ್ಯಪ್ ಅದೇ ಹೆಡರನ್ನು ಮತ್ತೆ ಕಳುಹಿಸಬೇಕು, ಮರೆತರೆ ಕಥೆ ಅದೇ. ಕ್ಯಾಶ್ ಇದ್ದರೆ ಸರ್ವರ್, ಉತ್ತರ ಯಾವ ಹೆಡರ್ ಮೇಲೆ ಬದಲಾಗುತ್ತದೆಂದು ತಿಳಿಸುವ ‘ವೇರಿ’ ಹೆಡರ್ ಕೊಡಲೇಬೇಕು, ಇಲ್ಲದಿದ್ದರೆ ಒಬ್ಬರಿಗೆ ಮಾಡಿಟ್ಟದ್ದನ್ನು ಇನ್ನೊಬ್ಬರಿಗೆ ಬಡಿಸಿಬಿಡುತ್ತದೆ. ಸ್ವಂತ ಹೆಸರಿನ ಹೆಡರ್ ಬಳಸಿದರೆ, ಬೇರೆ ಡೊಮೇನ್‌ನ ಪುಟದಿಂದ ಹೊರಡುವ ಕರೆಗೆ ಮುಂಚೆ ಬ್ರೌಸರ್ ಒಂದು ‘ಆಪ್ಷನ್ಸ್’ ಕರೆ ಕಳುಹಿಸಿ ಅನುಮತಿ ಕೇಳುತ್ತದೆ. ಕ್ವೆರಿಗೆ ಆ ರಗಳೆಯಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತೋಟದ ರೈಟರ್ ವಾಟ್ಸಾಪ್‌ನಲ್ಲಿ ಒಂದು ಕೊಂಡಿ ಕಳುಹಿಸಿ ‘ಇದನ್ನು ನೋಡಿ, ತಪ್ಪು ಬರುತ್ತಿದೆ’ ಎನ್ನಬಹುದು. ಹೆಡರನ್ನು ವಾಟ್ಸಾಪ್‌ನಲ್ಲಿ ಕಳುಹಿಸುವವರನ್ನು ನಾನು ಈತನಕ ಕಂಡಿಲ್ಲ.

ಹಿರೇಕೊಳಲೆ, ಚಿಕ್ಕಮಗಳೂರು

ಬ್ರೌಸರ್‌ನ ಅನುಮತಿಯ ತೊಂದರೆ ಸ್ವಂತ ಹೆಸರಿನ ಹೆಡರ್‌ಗೆ ಮಾತ್ರ, ‘ಆಕ್ಸೆಪ್ಟ್’ಗೆ ಸಾಮಾನ್ಯವಾಗಿ ಇಲ್ಲ. ಉಳಿದ ಮಾತಿನಲ್ಲಿ ಹುರುಳಿದೆ, ವಾಟ್ಸಾಪ್ ಮಾತಿನಲ್ಲಂತೂ ಸೋತೆ.

ಮಳೆಲೆಕ್ಕ, ಹಾಸನ

ಹೆಡರ್ ನಮ್ಮಲ್ಲಿ ಸಾಧ್ಯವೇ ಇಲ್ಲ. ಎಪಿಐ ಬಳಸುವವರಲ್ಲಿ ಆ್ಯಪ್‌ಗಳಷ್ಟೇ ಅಲ್ಲದೆ, ಕೆಲವು ತೋಟಗಳ ಬಂಗಲೆಯ ಗೋಡೆಯ ಮೇಲಿರುವ ಸಣ್ಣ ಪ್ರದರ್ಶನ ಫಲಕಗಳೂ ಇವೆ. ಅವುಗಳೊಳಗಿನ ತಂತ್ರಾಂಶವನ್ನು ದೂರದಿಂದ ಬದಲಿಸಲಾಗುವುದಿಲ್ಲ. ಒಂದು ವಿಳಾಸವನ್ನು ತುಂಬಬಹುದು, ಅಷ್ಟೇ. ಅದರ ಕೊನೆಗೆ ಫಲಕವೇ ತನ್ನ ‘?ತೋಟ=12’ ಸೇರಿಸಿಕೊಳ್ಳುತ್ತದೆ.

ಇದರಿಂದ ಇನ್ನೊಂದು ಅವಾಂತರವಾದದ್ದನ್ನು ಮೊದಲ ಬರಹದಲ್ಲಿ ಸಂಕೋಚದಿಂದ ಬಿಟ್ಟಿದ್ದೆ. ನಮ್ಮವರೊಬ್ಬರು ಫಲಕದಲ್ಲಿ ‘/ಮಳೆ?ವರ್ಷನ್=2’ ಎಂದು ತುಂಬಿಬಂದರು. ಫಲಕ ಅದಕ್ಕೆ ತನ್ನ ಬಾಲ ಸೇರಿಸಿದಾಗ ಆದದ್ದು ‘/ಮಳೆ?ವರ್ಷನ್=2?ತೋಟ=12’. ಎರಡನೆಯ ಪ್ರಶ್ನಾರ್ಥಕ ಚಿಹ್ನೆಗೆ ಯಾವ ವಿಶೇಷ ಅರ್ಥವೂ ಇಲ್ಲವಾದ್ದರಿಂದ ಸರ್ವರ್ ಕಂಡದ್ದು ಒಂದೇ ಪ್ಯಾರಾಮೀಟರ್, ಅದರ ಬೆಲೆ ‘2?ತೋಟ=12’. ಅಂಥ ಆವೃತ್ತಿ ನಮ್ಮಲ್ಲಿಲ್ಲ. ಆಗ ಏನು ಮಾಡಬೇಕೆಂದು ನಾವು ಬರೆದಿದ್ದೆವು ಗೊತ್ತೇ? ಅರ್ಥವಾಗದಿದ್ದರೆ ಮೊದಲ ಆವೃತ್ತಿ ಕೊಡು, ತೋಟ ತಿಳಿಯದಿದ್ದರೆ ಪಟ್ಟಿಯ ಮೊದಲ ತೋಟದ್ದು ಕೊಡು. ಹೀಗಾಗಿ ಹೆತ್ತೂರಿನ ಬಂಗಲೆಯ ಗೋಡೆಯ ಮೇಲೆ ಎರಡು ವಾರ ಆಲೂರಿನ ಮಳೆ, ಅದೂ ಇಂಚಿನಲ್ಲಿ, ಮಿಲಿಮೀಟರ್ ಎಂಬ ಹೆಸರಿನಡಿ ಬೀಳುತ್ತಿತ್ತು.

ಹಳೇ_ಸರ್ವರ್, ಹಾಸನ

ಈಗ ರೋಗ ಸಿಕ್ಕಿತು ನೋಡಿ. ಕೊಂಡಿಯಲ್ಲಿ ಆವೃತ್ತಿ ಬಿದ್ದುಹೋದದ್ದು, ಎರಡು ಪ್ರಶ್ನಾರ್ಥಕ ಚಿಹ್ನೆ ಬಂದದ್ದು, ಆಲೂರಿನವರ ‘&’, ನನ್ನ ರೀಡೈರೆಕ್ಟ್, ಇವೆಲ್ಲವೂ ಬೇರೆ ಬೇರೆ ತಪ್ಪುಗಳು. ಆದರೆ ಪ್ರತಿಯೊಂದರಲ್ಲೂ ಸರ್ವರ್ ಮುಖ ನೋಡಿ ಸುಮ್ಮನೆ ಒಂದು ಅಂಕಿ ಕೈಗಿತ್ತಿದೆ. ಕೇಳಿದ್ದು ತಿಳಿಯದಿದ್ದಾಗ ಏನು ಮಾಡಬೇಕು ಎಂಬುದನ್ನು ನೀವು ತೀರ್ಮಾನಿಸಿರುವ ರೀತಿಯೇ ಕೆಟ್ಟದ್ದು. ಪಾತ್‌ಗೆ ಹೋದರೂ ‘/ಮಳೆ’ ಎಂಬ ಬರಿಯ ವಿಳಾಸಕ್ಕೆ ಮೊದಲ ಆವೃತ್ತಿ ಕೊಡುತ್ತಲೇ ಇದ್ದರೆ ಇದೇ ಕಥೆ ಮುಂದುವರಿಯುತ್ತದೆ.

ರೊಬಸ್ಟಾ_ಗಿಡ, ಸಕಲೇಶಪುರ

ನಾನು ಪ್ರೋಗ್ರಾಮರ್ ಅಲ್ಲ, ತೋಟದವನು. ಮಗಳು ಈ ಚರ್ಚೆಯನ್ನು ತೋರಿಸಿದ್ದರಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಹೂಮಳೆ ಒಂದು ಇಂಚಾದರೂ ಬಿದ್ದರೆ ಹೂ ಒಂದೇ ಸಮನೆ ಅರಳುತ್ತದೆ, ಬೀಳದಿದ್ದರೆ ಹೊಳೆಯಿಂದಲೋ ಕೆರೆಯಿಂದಲೋ ನೀರೆತ್ತಿ ಸ್ಪ್ರಿಂಕ್ಲರ್ ಹಾಕಬೇಕು. ಡೀಸೆಲ್, ಆಳು, ಪೈಪು ಎಲ್ಲ ಸೇರಿ ಅದು ಸಣ್ಣ ಖರ್ಚಲ್ಲ. ಆದ್ದರಿಂದ ನಮಗೆ ಅಂಕಿ ಬಾರದಿದ್ದರೆ ಏನೂ ನಷ್ಟವಿಲ್ಲ, ರೈಟರ್‌ಗೆ ಫೋನ್ ಮಾಡಿ ಕೇಳುತ್ತೇವೆ. ತಪ್ಪು ಅಂಕಿ ಬಂದರೆ ಮಾತ್ರ ಫೋನ್ ಮಾಡುವುದೇ ಇಲ್ಲ.

ಇನ್ನೊಂದು ಮಾತು. ಪೇಟೆಯಲ್ಲಿ ಕಾಫಿ ದರವನ್ನು 50 ಕೆಜಿ ಮೂಟೆಗೆ ಹೇಳುತ್ತಾರೆ, ಕಾಳುಮೆಣಸನ್ನು ಕೆಜಿಗೆ ಹೇಳುತ್ತಾರೆ. ಯಾವ ವ್ಯಾಪಾರಿಯೂ ಬರೀ ಸಂಖ್ಯೆ ಹೇಳಿ ಸುಮ್ಮನಾಗುವುದಿಲ್ಲ. ಮೂಟೆಗೋ ಕೆಜಿಗೋ ಎಂಬುದು ಸಂಖ್ಯೆಯ ಜೊತೆಗೇ ಬರುತ್ತದೆ. ನಿಮ್ಮ ಯಂತ್ರಗಳು ಮಾತ್ರ ಯಾಕೆ ಹಾಗೆ ಹೇಳುವುದಿಲ್ಲ?

ಕೆಂಪುಹೊಳೆ

ರೊಬಸ್ಟಾ ಗಿಡದವರು ಹೇಳಿದ್ದನ್ನೇ ನಾನು ಮೊದಲ ಸಾಲಿನಲ್ಲಿ ಹೇಳಿದ್ದು. ಇಂಚಿನಲ್ಲಿದ್ದ ‘ಮಳೆ’ ಎಂಬ ಹಳೆಯ ಫೀಲ್ಡನ್ನು ಹಾಗೆಯೇ ಉಳಿಸಿ ಪಕ್ಕದಲ್ಲಿ ‘ಮಳೆ_ಮಿಮೀ’ ಎಂಬುದನ್ನು ಸೇರಿಸಿದ್ದರೆ ಎರಡನೆಯ ಆವೃತ್ತಿಯೇ ಬೇಕಾಗುತ್ತಿರಲಿಲ್ಲ. ಸೇರಿಸುವುದರಿಂದ ಹಳಬರಿಗೆ ತೊಂದರೆಯಿಲ್ಲ. ತೆಗೆಯುವುದರಿಂದ, ಅರ್ಥ ಬದಲಿಸುವುದರಿಂದ ಮಾತ್ರ ತೊಂದರೆ. ಆವೃತ್ತಿ ಎಂಬುದು ಬೇರೆಲ್ಲ ದಾರಿ ಮುಗಿದ ಮೇಲೆ ತೆಗೆಯುವ ಔಷಧ. ನೀವು ನೆಗಡಿಗೇ ತೆಗೆದಿರಿ.

ನಕ್ಷೆಗಾರ, ಅರಸೀಕೆರೆ

ಕೆಂಪುಹೊಳೆಯವರ ಮಾತು ಎಷ್ಟು ನಿಜ ಎಂಬುದಕ್ಕೆ ನಕ್ಷೆಯ ಲೋಕದ ಒಂದು ನಿದರ್ಶನ ಕೊಡುತ್ತೇನೆ. ನಕ್ಷೆಗಳ ಮಾನಕಗಳನ್ನು ರೂಪಿಸುವ ಓಜಿಸಿ ಸಂಸ್ಥೆಯ ವೆಬ್ ಮ್ಯಾಪ್ ಸರ್ವಿಸ್ ಎಂಬ ಮಾನಕದಲ್ಲಿ ಆವೃತ್ತಿ ಮೊದಲಿನಿಂದಲೂ ಕ್ವೆರಿಯಲ್ಲೇ ಇದೆ. ಅದರ 1.1.1 ಆವೃತ್ತಿಯಲ್ಲಿ ಇಪಿಎಸ್‌ಜಿ 4326 ಎಂಬ ನಿರ್ದೇಶಾಂಕ ಪದ್ಧತಿಗೆ ನಕ್ಷೆಯ ಚೌಕಟ್ಟನ್ನು ಕೊಡುವಾಗ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. 1.3.0ರಲ್ಲಿ ಅದು ತಿರುವುಮುರುವಾಯಿತು. ಚೌಕಟ್ಟಿನ ಪ್ಯಾರಾಮೀಟರ್‌ನ ಹೆಸರು ಮಾತ್ರ ಎರಡರಲ್ಲೂ ಒಂದೇ. ನಿಮ್ಮ ‘ಮಳೆ’ಯ ಹಾಗೆಯೇ.

ಹಾಸನ ಇರುವುದು ಸುಮಾರು 13 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವದಲ್ಲಿ. ನಾನು ಆವೃತ್ತಿಯ ಸಂಖ್ಯೆಯನ್ನು ಬದಲಿಸಿ ಚೌಕಟ್ಟನ್ನು ಹಾಗೆಯೇ ಬಿಟ್ಟಾಗ ಅದು 76 ಡಿಗ್ರಿ ಉತ್ತರ, 13 ಡಿಗ್ರಿ ಪೂರ್ವಕ್ಕೆ ಹೋಗಿ, ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಸಮುದ್ರದಲ್ಲಿ ಮುಳುಗಿತು. 1982ರಿಂದ ಇಸ್ರೊದ ಎಂಸಿಎಫ್ ಕೇಂದ್ರವನ್ನು ಇಟ್ಟುಕೊಂಡು ಉಪಗ್ರಹಗಳು ದಾರಿ ತಪ್ಪದಂತೆ ನೋಡಿಕೊಳ್ಳುವ ಊರು ತಾನೇ ಉತ್ತರ ಧ್ರುವದ ಕಡೆಗೆ ಹೊರಟುಹೋದದ್ದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹಳೇ ಸರ್ವರ್ ಅವರು ಎತ್ತಿದ ಪ್ರಶ್ನೆಗೂ ಆ ಮಾನಕದಲ್ಲಿ ಒಂದು ಉತ್ತರವಿದೆ. ಸೇವೆಯ ವಿವರ ಕೇಳುವ ಕರೆಯಲ್ಲಿ ಆವೃತ್ತಿಯನ್ನು ಹೇಳದಿದ್ದರೆ ಸರ್ವರ್ ತನಗೆ ತಿಳಿದಿರುವ ಅತ್ಯುನ್ನತ ಆವೃತ್ತಿಯಲ್ಲಿ ಉತ್ತರಿಸಬೇಕು.

ದೇವರಮನೆ_ಗುಡ್ಡ, ಮೂಡಿಗೆರೆ

ಹೊಸದನ್ನು ಡಿಫಾಲ್ಟ್ ಮಾಡುವುದು ಇನ್ನೂ ಅಪಾಯ. ನೀವು ಮೂರನೆಯದನ್ನು ಬಿಟ್ಟ ರಾತ್ರಿಯೇ, ಆವೃತ್ತಿ ಹಾಕದ ಹಳೆಯ ಗ್ರಾಹಕರೆಲ್ಲರೂ ತಮಗೆ ತಿಳಿಯದಂತೆ ಅದಕ್ಕೆ ಜಾರುತ್ತಾರೆ. ಫೇಸ್‌ಬುಕ್ 2014ರಲ್ಲಿ ಗ್ರಾಫ್ ಎಪಿಐಗೆ ಆವೃತ್ತಿಗಳನ್ನು ತಂದಾಗ, ಆವೃತ್ತಿ ಹೇಳದ ಕರೆಗಳಿಗೆ ಲಭ್ಯವಿರುವವುಗಳಲ್ಲಿ ಅತ್ಯಂತ ಹಳೆಯದನ್ನು ಕೊಡುವ ನಿಯಮ ಮಾಡಿತು.

ಯಗಚಿ_ದಂಡೆ, ಬೇಲೂರು

ಆ ‘ಅತ್ಯಂತ ಹಳೆಯದು’ ಕೂಡ ನಿಂತಲ್ಲಿ ನಿಲ್ಲುವುದಿಲ್ಲವಲ್ಲ ಸರ್. ಮೊದಲನೆಯದನ್ನು ಮುಚ್ಚಿದ ದಿನ ಎರಡನೆಯದೇ ಅತ್ಯಂತ ಹಳೆಯದಾಗುತ್ತದೆ, ಜಾರುವಿಕೆ ತಡವಾಗುತ್ತದೆ ಅಷ್ಟೇ. ಹಣ ಪಾವತಿ ಸೇವೆಯ ಸ್ಟ್ರೈಪ್‌ನವರ ಕ್ರಮ ನನಗೆ ಹೆಚ್ಚು ಹಿಡಿಸಿತು. ಖಾತೆಯಿಂದ ಮೊದಲ ಕರೆ ಬಂದಾಗ ಯಾವ ಆವೃತ್ತಿ ಚಾಲ್ತಿಯಲ್ಲಿತ್ತೋ ಅದಕ್ಕೆ ಆ ಖಾತೆಯನ್ನು ಕಟ್ಟಿಹಾಕುತ್ತಾರೆ, ಬೇರೆ ಬೇಕಾದರೆ ಹೆಡರ್‌ನಲ್ಲಿ ಹೇಳಬೇಕು. ಆದರೆ ಅದಕ್ಕೆ ಪ್ರತಿ ಹಳೆಯ ರೂಪಕ್ಕೂ ಉತ್ತರವನ್ನು ಪರಿವರ್ತಿಸುವ ಕೋಡನ್ನು ವರ್ಷಗಟ್ಟಲೆ ಸಾಕಬೇಕು. ನಾಲ್ವರ ಕಚೇರಿಗೆ ಅದು ಆನೆ ಸಾಕಿದಂತೆ.

ಅಜೂರ್‌ನವರದ್ದು ಎಲ್ಲಕ್ಕಿಂತ ಸರಳ. ಪ್ಯಾರಾಮೀಟರ್ ಇಲ್ಲವೆಂದರೆ 400 ದೋಷ (ಕರೆಯೇ ತಪ್ಪು ಎಂಬ ಉತ್ತರ), ಅಷ್ಟೇ. ಡಿಫಾಲ್ಟ್ ಎಂಬುದೇ ಇಲ್ಲ. ಮಳೆಲೆಕ್ಕದವರು ಈ ನಿಯಮ ಇಟ್ಟಿದ್ದರೆ ಎರಡನೆಯ ಪುಟ ಬರುತ್ತಲೇ ಇರಲಿಲ್ಲ, ಆ್ಯಪ್ ಬರೆದವರು ಮೊದಲ ದಿನವೇ ಫೋನ್ ಮಾಡುತ್ತಿದ್ದರು, ರೈಟರ್ ಕಿಟಕಿಯಾಚೆ ನೋಡುವ ಪ್ರಮೇಯವೂ ಬರುತ್ತಿರಲಿಲ್ಲ.

ರೊಬಸ್ಟಾ_ಗಿಡ, ಸಕಲೇಶಪುರ

ಅದನ್ನೇ ನಾನು ಹೇಳಿದ್ದು. ಅಂಕಿ ಬಾರದಿದ್ದರೆ ನಷ್ಟವಿಲ್ಲ.

ದೇವರಮನೆ_ಗುಡ್ಡ, ಮೂಡಿಗೆರೆ

ಕಡ್ಡಾಯ ಮಾಡುವುದಾದರೆ ಅದು ಪಾತ್‌ನಲ್ಲಿರುವುದೇ ಸಹಜವಲ್ಲವೇ? ಪಾತ್‌ನ ತುಂಡನ್ನು ಯಾರೂ ಮರೆಯಲಾರರು. ಎಪಿಐಯನ್ನು ವಿವರಿಸುವ ಮಾನಕ ರೂಪವಾದ ಓಪನ್ ಎಪಿಐ ದಾಖಲೆಯ ಅಡಚಣೆಯೂ ಇದೆ: ಅಲ್ಲಿ ಒಂದು ಪಾತ್ ಮತ್ತು ಒಂದು ವಿಧಾನಕ್ಕೆ ಒಂದೇ ವಿವರಣೆ. ಕ್ವೆರಿ ಬೇರೆಯಾದ ಮಾತ್ರಕ್ಕೆ ಎರಡು ವಿವರಣೆ ಬರೆಯಲಾಗದು, ಪ್ರತಿ ಆವೃತ್ತಿಗೂ ಬೇರೆ ಕಡತ ಇಡಬೇಕು. ಎಂಜಿನ್‌ಎಕ್ಸ್‌ನ ‘ಲೊಕೇಶನ್’ ನಿಯಮ ಕೂಡ ಪಾತನ್ನು ಮಾತ್ರ ನೋಡುತ್ತದೆ.

ಹಳೇ_ಸರ್ವರ್, ಹಾಸನ

ಎಂಜಿನ್‌ಎಕ್ಸ್‌ನಲ್ಲಿ ಪ್ಯಾರಾಮೀಟರ್‌ನ ಬೆಲೆ ಚರವಾಗಿ ಸಿಗುತ್ತದೆ, ಅದನ್ನು ‘ಮ್ಯಾಪ್’ ನಿಯಮಕ್ಕೆ ಕೊಟ್ಟು ಬೇಕಾದ ಹಿಂಬದಿ ಸರ್ವರ್‌ಗೆ ಕಳುಹಿಸಬಹುದು, ಐದು ಸಾಲಿನ ಕೆಲಸ. ದಾಖಲೆಯ ಅಡಚಣೆ ನಿಜ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹೊಸದಾಗಿ ಕಟ್ಟುವವರಾದರೆ ನಾನೂ ಪಾತ್ ಎಂದೇ ಹೇಳುತ್ತಿದ್ದೆ. ಆದರೆ ಇವರದ್ದು ಈಗಾಗಲೇ ಗೋಡೆಗಳ ಮೇಲೆ ನೇತಾಡುತ್ತಿದೆ. ಇನ್ನೊಮ್ಮೆ ಪ್ರತಿ ಬಂಗಲೆಗೆ ಜೀಪು ಹತ್ತಿಸುವುದಕ್ಕಿಂತ ಇದ್ದುದನ್ನೇ ಬಿಗಿ ಮಾಡುವುದು ಲೇಸು.

ಬಿಗಿ ಮಾಡುವ ಮೊದಲು ಲಾಗ್ (ಬಂದ ಕರೆಗಳ ದಾಖಲೆ) ನೋಡಿ. ಎಂಜಿನ್‌ಎಕ್ಸ್‌ನ ಸಾಮಾನ್ಯ ಲಾಗ್‌ನಲ್ಲಿ ಕ್ವೆರಿ ಸಹಿತ ಇಡೀ ವಿಳಾಸ ದಾಖಲಾಗುತ್ತದೆ, ಯಾರು ಆವೃತ್ತಿಯಿಲ್ಲದೆ ಕೇಳುತ್ತಿದ್ದಾರೆಂದು ಒಂದು ಗ್ರೆಪ್ ಹುಡುಕಾಟದಲ್ಲಿ ತಿಳಿಯುತ್ತದೆ. ಹೆಡರ್ ಪಕ್ಷದವರಿಗೆ ಈ ಸುಖವಿಲ್ಲ. ಆಮೇಲೆ ಹಳೆಯ ಆವೃತ್ತಿಯ ಉತ್ತರದ ಜೊತೆ, ಅದು ಯಾವಾಗ ನಿಲ್ಲುತ್ತದೆಂದು ತಿಳಿಸುವ ‘ಸನ್‌ಸೆಟ್’ ಹೆಡರ್ ಕಳುಹಿಸಿ, 2019ರ ಆರ್‌ಎಫ್‌ಸಿ 8594ರಲ್ಲಿ ಅದರ ರೂಪವಿದೆ. ಇನ್ನು ಬಳಸಬೇಡಿ ಎಂದು ಸೂಚಿಸುವ ‘ಡೆಪ್ರಿಕೇಶನ್’ ಹೆಡರ್‌ಗೂ 2025ರಲ್ಲಿ ಆರ್‌ಎಫ್‌ಸಿ 9745 ಬಂದಿದೆ. ಗೋಡೆಯ ಫಲಕ ಇವನ್ನು ಓದುವುದಿಲ್ಲ ಎಂಬುದು ನನಗೂ ಗೊತ್ತು. ಅಲ್ಲಿಗೆ ಹೋಗಿ ಹೇಳಲೇಬೇಕು.

ಮಳೆಲೆಕ್ಕ, ಹಾಸನ

ಎರಡು ದಿನ ಕುಳಿತು ಲಾಗ್ ನೋಡಿದೆವು. ಆವೃತ್ತಿಯಿಲ್ಲದೆ ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಹಳೆಯ ಗ್ರಾಹಕರೇ ಅಲ್ಲ, ನಮ್ಮದೇ ‘ಮುಂದಿನ ಪುಟ’ದ ಕೊಂಡಿಯನ್ನು ನಂಬಿ ಬಂದ ಹೊಸ ಆ್ಯಪ್‌ನವರು. ನಿಜವಾಗಿ ಹಳೆಯದನ್ನು ಬಳಸುತ್ತಿರುವವು ಒಂಬತ್ತು ಫಲಕಗಳು ಮತ್ತು ಒಂದು ಲೆಕ್ಕಪತ್ರದ ತಂತ್ರಾಂಶ.

ಹೀಗೆ ಮಾಡಿದ್ದೇವೆ. ಕೊಂಡಿಗಳನ್ನು ಈಗ ಬಂದ ಕರೆಯ ಪೂರ್ಣ ಕ್ವೆರಿಯಿಂದಲೇ ಕಟ್ಟಿ, ಪುಟಸಂಖ್ಯೆಯನ್ನು ಮಾತ್ರ ಬದಲಿಸುತ್ತೇವೆ. ಗೊತ್ತಿಲ್ಲದ ಆವೃತ್ತಿಗೂ ಗೊತ್ತಿಲ್ಲದ ತೋಟಕ್ಕೂ ಇಂದಿನಿಂದಲೇ 400. ಎರಡೂ ಆವೃತ್ತಿಗಳಲ್ಲಿ ‘ಮಳೆ_ಇಂಚು’, ‘ಮಳೆ_ಮಿಮೀ’ ಎಂಬ ಫೀಲ್ಡ್‌ಗಳನ್ನು ಹೊಸದಾಗಿ ಸೇರಿಸಿದ್ದೇವೆ, ಹಳೆಯ ‘ಮಳೆ’ಯನ್ನು ಮುಟ್ಟಿಲ್ಲ. ಆವೃತ್ತಿಯೇ ಇಲ್ಲದ ಕರೆಗೆ ಮಾತ್ರ ಈ ಮಳೆಗಾಲ ಮುಗಿಯುವ ತನಕ ಮೊದಲನೆಯದನ್ನು ಕೊಟ್ಟು, ಅಷ್ಟರಲ್ಲಿ ಒಂಬತ್ತು ಬಂಗಲೆಗಳಿಗೂ ಹೋಗಿ ಬರಬೇಕು. ಆಮೇಲೆ ಅದಕ್ಕೂ 400. ಫಲಕಗಳಿಗಾಗಿ ‘/ವಿ2/ಮಳೆ’ ಎಂಬ ಪಾತನ್ನೂ ತೆರೆದಿದ್ದೇವೆ. ಅವು ತಮ್ಮ ಪ್ರಶ್ನಾರ್ಥಕ ಚಿಹ್ನೆಯನ್ನು ತಾವೇ ಹಾಕಿಕೊಳ್ಳುವುದರಿಂದ ಅವಕ್ಕೆ ಬೇರೆ ದಾರಿಯಿಲ್ಲ.

ದೇವರಮನೆ_ಗುಡ್ಡ, ಮೂಡಿಗೆರೆ

ಅಂತೂ ಒಂಬತ್ತು ಮತಗಳು ನಮ್ಮ ಪಕ್ಷಕ್ಕೆ ಬಂದವು.

ಕೆಂಪುಹೊಳೆ

ಪಾತ್‌ನಲ್ಲಿ ಎರಡು ಎಂದಿದ್ದು ಕ್ವೆರಿಯಲ್ಲಿ ಒಂದು ಎಂದು ಬಂದರೆ ಯಾವುದು ಗೆಲ್ಲುತ್ತದೆ?

ಮಳೆಲೆಕ್ಕ, ಹಾಸನ

400.

ರೊಬಸ್ಟಾ_ಗಿಡ, ಸಕಲೇಶಪುರ

ನಿನ್ನೆ ರಾತ್ರಿ ನಮ್ಮಲ್ಲಿ 85 ಸೆಂಟ್ಸ್ ಮಳೆ. ಮಗಳ ಆ್ಯಪ್‌ನಲ್ಲಿ 21.6 ಎಂದು ತೋರಿಸುತ್ತಿದೆ. ಸರಿಯೇ?

ಮಳೆಲೆಕ್ಕ, ಹಾಸನ

ಸರಿಯಾಗಿದೆ, ಅದು ಮಿಲಿಮೀಟರ್. ದಯವಿಟ್ಟು ಎರಡನೆಯ ಪುಟವನ್ನೂ ಒಮ್ಮೆ ತೆರೆದು ನೋಡಿ ಹೇಳಿ.